ಪೆಟ್ಟಿಗೆಗೊಂದು ಕೊಸರು

ಜನವರಿ ೧೧, ಗುರುವಾರ

ಹೊರದೇಶದ ಕಂಪನಿಯವರು ಪ್ರತಿ ವರ್ಷ ಕಳಿಸುವ ಡೈರಿ ಇವತ್ತು ಬಂತು. ಕಪ್ಪು ರಟ್ಟು, ಒಳಗೆ ಬೆರಳು ಜಾರುವಂಥ ಕಾಗದ. ನಮ್ಮ ಯಜಮಾನರು, ಇವರು, ಒಂದು ವರ್ಷವೂ ಅದರಲ್ಲಿ ಒಂದಕ್ಷರ ಬರೆದವರಲ್ಲ. "ಇಷ್ಟು ಚೆಂದದ ಕಾಗದದ ಮೇಲೆ ಬರೆಯೋ ಅಂಥದ್ದು ನನ್ನ ಹತ್ರ ಏನಿದೆ?" ಎಂದು ಬೀರುವಿನ ಮೇಲೆ ಒಟ್ಟುತ್ತಿದ್ದರು. ಈ ಸಲದ ರಟ್ಟಿನ ಮೇಲೂ ಇವರ ಹೆಸರೇ ಚಿನ್ನದ ಬಣ್ಣದಲ್ಲಿದೆ. ಕವರು ಬಿಚ್ಚಿದ ಮೈದುನ ಹೆಸರು ನೋಡಿದವನೇ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಅದನ್ನು ನನ್ನ ಮುಂದಿಟ್ಟು ಹೊರಟುಹೋದ.

ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಬರೆಯಲು ನನ್ನ ಹತ್ತಿರವೂ ಏನಿಲ್ಲ. ಆದರೆ ಇವರ ಹೆಸರಿರುವ ಪುಸ್ತಕವನ್ನು ಖಾಲಿ ಬಿಡಲು ಮನಸ್ಸು ಬರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಈ ಮೇಜಿಗೆ ಒಂದು ಖಾನೆ ಇದೆ, ಹಿಡಿ ಇಲ್ಲ. ಹಿಡಿಯ ತೂತಿನಲ್ಲಿ ಒಂದು ತುಂಡು ಹುರಿ ಕಟ್ಟಿದೆ. ಹಿತ್ತಲ ಕಾರ್ಖಾನೆಯಲ್ಲಿ ರಾಶಿ ರಾಶಿ ಪಿಂಗಾಣಿ ಹಿಡಿ ಮಾಡಿ, ಕಂಡು ಕೇಳದ ಊರುಗಳ ಮೇಜು ಬೀರುಗಳಿಗೆಲ್ಲ ಕಳಿಸುವ ಮನೆ ಇದು. "ನಾಳೆ ಹಾಕ್ತೀನಿ ಕಣೇ" ಎನ್ನುತ್ತಿದ್ದರು ಇವರು. ಎಷ್ಟು ವರ್ಷದ ನಾಳೆಯೋ ಅದು.

ಖಾನೆಯಲ್ಲಿ ಇವರ ಕನ್ನಡಕ ಇದೆ. ಹುರಿ ಎಳೆದಿಲ್ಲ ನಾನು.

ಜನವರಿ ೧೯, ಶುಕ್ರವಾರ

ಪೆಟ್ಟಿಗೆ ತುಂಬುವ ದಿನ. ಬೇರೆ ದಿನ ಕಾರ್ಖಾನೆಗೆ ಕಾಲಿಡಲು ಆಗುವುದಿಲ್ಲ. ಇವರ ಚಕ್ರ, ಇವರ ಮೋಟು ಸ್ಟೂಲು ಕಣ್ಣಿಗೆ ಬೀಳುತ್ತವೆ. ಪೆಟ್ಟಿಗೆ ತುಂಬುವ ಕೋಣೆಗೆ ಮಾತ್ರ ಹಿತ್ತಲಿಂದಲೇ ಬಾಗಿಲಿದೆ. ಹಾಗಾಗಿ ಹೋಗುತ್ತೇನೆ.

ತುಂಬುವವನು ಹುಲ್ಲಜ್ಜ. ಹಿಂದೆ ಪಿಂಗಾಣಿ ಒಡೆಯದಿರಲೆಂದು ಒಣಹುಲ್ಲು ಹಾಕುತ್ತಿದ್ದ. ಈಗ ಹುಲ್ಲು ಹೋಗಿ ಕಾಗದದ ಚೂರು ಬಂದಿದೆ, ಹೆಸರು ಹಾಗೇ ಉಳಿದಿದೆ. ಅವನು ತುಂಬಿ ಮುಗಿಸಿದ ಪೆಟ್ಟಿಗೆಗೆ ಮುಚ್ಚಳ ಬೀಳುವ ಮೊದಲು ಮೇಲೊಂದು ಹಿಡಿ ಇಡುವುದು ಮೊದಲಿಂದಲೂ ಇವರ ಕೆಲಸ. ಅದು ಕೊಸರು. "ಎಣಿಸಿದಷ್ಟೇ ಕೊಟ್ರೆ ಬರೀ ಸರಕು. ಮೇಲೊಂದು ಇಟ್ರೆ ವ್ಯಾಪಾರ. ಪಿಂಗಾಣಿ ತಾನೆ, ದಾರೀಲಿ ಒಂದು ಒಡೆದ್ರೂ ಕೊಂಡವನ ಮನಸ್ಸು ಒಡೀಬಾರ್ದು" ಎನ್ನುತ್ತಿದ್ದರು. ಈಗ ಆ ಕೆಲಸ ನಾನು ಮಾಡುತ್ತಿದ್ದೇನೆ. ಯಾರೂ ಹೇಳಿದ್ದಲ್ಲ.

ಕಂಪನಿಗೆ ಹೋಗುವುದೆಲ್ಲ ಬಿಳಿ ಹಿಡಿ, ಅಂಚಿಗೆ ಹಸಿರು ಗೆರೆ. ನಾನು ಕೊಸರಿಗೆ ಇಡುತ್ತಿರುವುದು ನೀಲಿ. ಕೊನೆಯ ಸಲ ಪಿಂಗಾಣಿ ಸುಡುವ ಗೂಡು ಹಚ್ಚಿದಾಗ ಇವರು ಒಂದು ಹಲಗೆಯ ತುಂಬ ಏನೋ ಹೊಸ ಬಣ್ಣ ಬಳಿದು ಒಳಗಿಟ್ಟಿದ್ದರು. "ಏನು ಬಣ್ಣ?" ಎಂದರೆ "ಬೆಂಕಿ ಹೇಳುತ್ತೆ ಬಿಡು" ಎಂದರು. ಗೂಡು ಆರುವಷ್ಟರಲ್ಲಿ ಇವರು ಆಸ್ಪತ್ರೆಯಲ್ಲಿದ್ದರು. ಗೂಡು ತೆರೆದಾಗ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ ಆಕಾಶ ಇರುತ್ತದಲ್ಲ, ಆ ನೀಲಿ. ಹಲಗೆಯ ಮೇಲೆ ಧೂಳು ಹಿಡಿಯುವುದಕ್ಕಿಂತ ನಾಲ್ಕು ಮನೆ ಸೇರಲಿ ಎನಿಸಿತು. ಪೆಟ್ಟಿಗೆಗೊಂದರಂತೆ ಇವರು ಹೊರಗೆ ಹೋಗುತ್ತಿದ್ದಾರೆ. ಇವರಿಗೆ ದೇಶ ನೋಡುವ ಆಸೆ ಇತ್ತು.

ಫೆಬ್ರವರಿ ೩, ಶನಿವಾರ

ಏಜೆಂಟರು ಬಂದಿದ್ದರು. ಕಂಪನಿಗೂ ನಮಗೂ ನಡುವೆ ಮಾತು ದಾಟಿಸುವವರು ಅವರೇ, ಎರಡೂ ಭಾಷೆ ಬಲ್ಲವರು. ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಯಾವುದಕ್ಕೂ "ಪ್ರಾಬ್ಲಮ್ಮೇ ಇಲ್ಲ" ಎಂದು ಶುರು ಮಾಡುತ್ತಾರೆ.

"ಪ್ರಾಬ್ಲಮ್ಮೇ ಇಲ್ಲ. ಒಂದು ಸಣ್ಣ ವಿಷಯ" ಎಂದು ಫೋನಿನಿಂದ ಓದಿದರು. ಕಳೆದ ಮೂರು ಸಾಗಣೆಯಲ್ಲಿ ಪೆಟ್ಟಿಗೆಗಳ ಲೆಕ್ಕ ಕೂಡುತ್ತಿಲ್ಲ. ಪರಿಶೀಲನೆಗೆ ಒಬ್ಬರನ್ನು ಕಳಿಸುತ್ತೇವೆ. ಅಲ್ಲಿಯವರೆಗೆ ಮುಂದಿನ ಆರ್ಡರ್ ಇಲ್ಲ.

"ಇದು ಸಣ್ಣ ವಿಷಯಾನಾ?" ಎಂದ ಮೈದುನ. ನಮ್ಮಲ್ಲಿ ತಯಾರಾಗುವುದೆಲ್ಲ ಆ ಒಂದು ಕಂಪನಿಗೇ ಹೋಗುತ್ತದೆ. ಅದು ನಿಂತರೆ ಗೂಡು ನಿಂತಿತು. ನಮ್ಮ ಎರಡು ಸಂಸಾರ, ಕೆಲಸದವರ ಮನೆಗಳು, ಎಲ್ಲ ಆ ಒಂದು ಗೂಡಿನ ಬಿಸಿಯಲ್ಲೇ ಬೇಯುವುದು.

ಓರಗಿತ್ತಿ ಟೀ ತಂದವಳು ಹೇಳಿದಳು: "ಅವ್ರ ಎದೆ ಕಲ್ಲು. ಭಾವ ಹೋದಾಗ ಏನು ಬರೆದಿದ್ರು, ನೆನಪಿಲ್ವಾ? ಎರಡು ಸಾಲು ದುಃಖ, ಮೂರನೇ ಸಾಲಲ್ಲಿ ಸರಕು ಯಾವಾಗ ಅಂತ."

ನೆನಪಿದೆ. ಆ ದಿನ ಮೈದುನ ಫೋನನ್ನು ಮಂಚದ ಮೇಲೆ ಎಸೆದಿದ್ದ.

ಫೆಬ್ರವರಿ ೫, ಸೋಮವಾರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎರಡು ದಿನದಿಂದ ನನ್ನ ಹೆಗಲು ಉರಿಯುತ್ತಿದೆ. ಎಲ್ಲರೂ ಕಡಿಮೆ ಬಿದ್ದಿದೆ ಎಂದುಕೊಂಡಿದ್ದಾರೆ. ಮೈದುನ ಲಾರಿಯವನನ್ನು ಬೈದ, ಬಂದರಿನವರನ್ನು ಬೈದ. ಹೆಚ್ಚಾಗಿದೆ ಎಂದು ದೂರು ಕೊಡುವವರು ಪ್ರಪಂಚದಲ್ಲಿ ಇರುತ್ತಾರೆಯೇ? ಇರಲಾರರು.

ಅನ್ನ ಸೇರುತ್ತಿಲ್ಲ.

ಫೆಬ್ರವರಿ ೧೨, ಸೋಮವಾರ

ಇರುತ್ತಾರೆ.

ಏಜೆಂಟರು ವಿಚಾರಿಸಿಕೊಂಡು ಬಂದರು. ಅಲ್ಲಿ ಮೊದಲೆಲ್ಲ ಕೈಯಲ್ಲಿ ಎಣಿಸುತ್ತಿದ್ದರಂತೆ. ಒಂದು ಹೆಚ್ಚಿದ್ದರೆ ಯಾರೋ ಜೇಬಿಗೆ ಹಾಕಿಕೊಂಡು ಸುಮ್ಮನಿರುತ್ತಿದ್ದರೇನೋ. ಈಗ ಯಂತ್ರ ತೂಗುತ್ತದೆ. ತೂಕ ಒಂದಿಷ್ಟು ಹೆಚ್ಚಾದರೂ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಆಮೇಲೆ ಒಬ್ಬರು ಬಂದು ಬಿಚ್ಚಿ, ಎಲ್ಲವನ್ನೂ ಎಣಿಸಿ, ಬರೆದು, ಮತ್ತೆ ಮುಚ್ಚಬೇಕು. ನಮ್ಮ ಪೆಟ್ಟಿಗೆಗಳೆಲ್ಲ ಹಾಗೆ ಪಕ್ಕಕ್ಕೆ ಬಿದ್ದಿವೆ. ಬಿಚ್ಚಿದರೆ ಪ್ರತಿಯೊಂದರಲ್ಲೂ ಕೇಳದೆ ಬಂದ ಒಂದು ನೀಲಿ ಹಿಡಿ.

ಮೈದುನ ಮೊದಲು ನಕ್ಕ. "ಹೆಚ್ಚಿಗೆ ಕೊಟ್ರೂ ತಪ್ಪಾ?" ಆಮೇಲೆ ನೀಲಿ ಎಂಬ ಮಾತು ಅವನ ತಲೆಗೆ ಹೋಗಿ ನನ್ನ ಕಡೆ ತಿರುಗಿದ.

ನಾನೇ ಇಟ್ಟೆ ಎಂದೆ.

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅತ್ಗೆ, ನೀವು ಸುಮ್ನಿರಿ. ಬಂದವ್ರ ಮುಂದೆ ಇದನ್ನ ಎತ್ಬೇಡಿ. ಮನೆಯವರೇ ಹೀಗೆ ಮಾಡಿದ್ರು ಅಂದ್ರೆ ಮರ್ಯಾದೆ ಹೋಗುತ್ತೆ. ಅಜ್ಜನಿಗೆ ವಯಸ್ಸಾಯ್ತು, ಕಣ್ಣು ಸರಿ ಇಲ್ಲ, ಎಣಿಕೆ ತಪ್ತು, ಯಾವ್ದೋ ಹಲಗೇದು ಯಾವ್ದಕ್ಕೋ ಬಿತ್ತು ಅನ್ನೋಣ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಅಜ್ಜನ ಗತಿ?"

"ಅವ್ರೇನು ಅಜ್ಜನ ಜೊತೆ ಸಂಬಂಧ ಬೆಳೆಸೋಕೆ ಬರ್ತಾರಾ? ಅವ್ರು ಹೋದ ಮೇಲೆ ಅಜ್ಜ ಎಂದಿನ ಹಾಗೆ."

ಹುಲ್ಲಜ್ಜನಿಗೆ ಹೇಳಿದಾಗ ಬಾಯಿ ತುಂಬ ನಕ್ಕ. "ಹಾಕ್ಲಿ ಬಿಡು ತಾಯಿ ನನ್ನ ಮೇಲೆ. ಎಣಿಸೋಕೆ ಬರಲ್ಲ ಅಂದ್ರೆ ಈ ವಯಸ್ಸಲ್ಲಿ ನನಗೆ ಹೆಣ್ಣು ಕೊಡೋದು ಬಿಟ್ಟುಬಿಡ್ತಾರಾ?"

ಆಗಲಿ ಎಂದೆ. ಎಲ್ಲದಕ್ಕೂ ಆಗಲಿ ಎನ್ನುವುದೇ ನನಗೆ ಅಭ್ಯಾಸ.

ಫೆಬ್ರವರಿ ೨೦, ಮಂಗಳವಾರ

ಗೇಟಿಗೆ ಬಣ್ಣ. ಆಫೀಸು ಕೋಣೆಗೆ ಹೊಸ ಪರದೆ. ಮೈದುನ ಮೆತ್ತನೆಯ ಕುರ್ಚಿಗಳನ್ನು ಬಾಡಿಗೆಗೆ ತಂದಿದ್ದಾನೆ. ನೀಲಿ ಹಲಗೆಯ ಮೇಲೆ ಇನ್ನು ಒಂದೂ ಉಳಿದಿಲ್ಲ, ಎಲ್ಲ ಕಳಿಸಿಬಿಟ್ಟಿದ್ದೇನೆ. ಒಂದನ್ನಾದರೂ ಇಟ್ಟುಕೊಳ್ಳಬೇಕು ಎಂದು ಹೊಳೆಯಲೇ ಇಲ್ಲ.

ಫೆಬ್ರವರಿ ೨೬, ಸೋಮವಾರ

ಬಂದರು. ಒಬ್ಬಳೇ ಹೆಂಗಸು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಗೇಟಿನ ಆಚೆ ನಿಂತಿದ್ದಳು. ಮೈದುನ ಇನ್ನೂ ಅಂಗಿ ಹಾಕಿಕೊಳ್ಳುತ್ತಿದ್ದ. ನನಗಿಂತ ಸ್ವಲ್ಪ ದೊಡ್ಡವಳಿರಬಹುದು. ಕತ್ತರಿಸಿದ ನರೆಗೂದಲು, ಕೈಯಲ್ಲಿ ಗಂಡಸರ ಗಡಿಯಾರ. ಒಳಗೆ ಬರುವಷ್ಟರಲ್ಲಿ ಅದನ್ನು ಎರಡು ಸಲ ನೋಡಿದಳು. ಓರಗಿತ್ತಿ ಅಲ್ಲಿಯೇ ಹೆಸರಿಟ್ಟಳು, ಗಡಿಯಾರದಮ್ಮ.

ಎಲ್ಲರನ್ನೂ ಬಿಟ್ಟು ನೇರವಾಗಿ ನನ್ನ ಹತ್ತಿರ ಬಂದಳು. ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಒಂದು ಮಾತು ಹೇಳಿದಳು. "ನಿಮ್ಮ ಯಜಮಾನ್ರ ವಿಷಯಕ್ಕೆ ತುಂಬಾ ಬೇಜಾರಾಯ್ತಂತೆ" ಎಂದರು ಏಜೆಂಟರು. ನಾನು ನೆಲ ನೋಡಿದೆ. ಅವಳು ಕೈ ಬಿಡದೆ ಕಾದಳು. ಆಮೇಲೆ ಕೈ ಬಿಟ್ಟು, ಪೆಟ್ಟಿಗೆ ತುಂಬುವ ಕೋಣೆ ಎಲ್ಲಿ ಎಂದು ಕೇಳಿದಳು. ಎರಡರ ನಡುವೆ ಒಂದು ಉಸಿರಿನ ಅಂತರವೂ ಇರಲಿಲ್ಲ.

"ಅಯ್ಯೋ, ಮೊದ್ಲು ಕೂತ್ಕೊಳ್ಲಿ, ಟೀ ಕುಡೀಲಿ" ಎಂದ ಮೈದುನ.

"ಟೀ ಆಮೇಲಂತೆ" ಎಂದರು ಏಜೆಂಟರು.

"ಆಮೇಲೆ ಅಂದ್ರೆ ಬೇಡ ಅಂತಾನಾ? ಕೋಪಾನಾ?"

"ನನಗೇನು ಗೊತ್ತು ಸ್ವಾಮಿ! ಆಮೇಲೆ ಅಂದ್ರು, ಆಮೇಲೆ ಅಂದೆ."

ಬಾಡಿಗೆ ಕುರ್ಚಿಗಳ ಕಡೆ ಕಣ್ಣೂ ಹಾಯಿಸದೆ ಹೋದಳು. ಪೆಟ್ಟಿಗೆಗಳನ್ನು ತಟ್ಟಿ ನೋಡಿದಳು. ಗೂಡಿನ ಇಟ್ಟಿಗೆ ಸವರಿದಳು. ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಏನೇನೋ ಕೇಳಿದಳು. ಎಲ್ಲ ಮುಗಿಸಿ ಬಂದು "ಈಗ ಟೀ" ಎಂದಳು. ಓರಗಿತ್ತಿ ಆರಿಹೋದ ಟೀಯನ್ನು ಮತ್ತೆ ಕಾಯಿಸಲು ಓಡಿದಳು.

ಟೀ ಕುಡಿಯುತ್ತಲೇ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ನೀಲಿ ಹಿಡಿಗಳು. ಎಲ್ಲ. ವಾಪಸ್ ತಂದಿದ್ದಳು.

ನಾವು ದುಡ್ಡು ಕೊಟ್ಟಿಲ್ಲ, ಹಾಗಾಗಿ ಇಟ್ಟುಕೊಳ್ಳುವಂತಿಲ್ಲ ಎಂದಳಂತೆ. ಕೊಟ್ಟ ಕೊಸರನ್ನು ತಿರುಗಿಸಿ ಕೊಡುವುದು ಮುಖದ ಮೇಲೆ ಎಸೆದ ಹಾಗೆ. ಅವಳೇನೂ ಎಸೆಯಲಿಲ್ಲ, ನಿಧಾನವಾಗಿ, ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಇಟ್ಟಳು. ಆದರೂ.

ಇವು ಹೇಗೆ ಬಂದವು, ಯಾರು ಇಟ್ಟರು ಎಂದು ಕೇಳಿದಳು. ಮೈದುನ ಎದ್ದು ನಿಂತು ಅಜ್ಜನ ಕಣ್ಣು, ಅಜ್ಜನ ವಯಸ್ಸು ಎಲ್ಲ ಹೇಳಿದ. ಅಜ್ಜನನ್ನು ಕರೆಸಿದರು. ಎಣಿಸಲು ಕಷ್ಟವಾಗುತ್ತಿದೆಯೇ ಎಂದು ಅವಳು ಅವನನ್ನೇ ಕೇಳಿದಳು. ಅಜ್ಜ ಒಪ್ಪಿಕೊಂಡ ಮಾತಿನಂತೆ ಹೂಂಗುಟ್ಟಿದ. ಬರೆದುಕೊಂಡಳು.

ಆಮೇಲೆ ಅವಳು ಹೇಳಿದ್ದನ್ನು ಏಜೆಂಟರು ತಕ್ಷಣ ಕನ್ನಡಕ್ಕೆ ತರಲಿಲ್ಲ. ಮೈದುನ ಎರಡು ಸಲ ಕೇಳಿದ.

"ಹಾಗಾದ್ರೆ ಈ ಕೆಲಸಕ್ಕೆ ಬೇರೆಯವ್ರನ್ನ ಹಾಕ್ಬೇಕಂತೆ. ಇವತ್ತಿಂದ್ಲೇ. ಹಾಗಂತ ಬರೆದು ಸಹಿ ಹಾಕಿ ಕೊಡ್ಬೇಕಂತೆ."

ಅವಳ ಮುಖದಲ್ಲಿ ಕೋಪವೇ ಇಲ್ಲ. ನಾವು ಹೇಳಿದ್ದನ್ನು ನಂಬಿದಳು, ಅಷ್ಟೇ. ನಮ್ಮವರಾಗಿದ್ದರೆ ಇದು ಮುಚ್ಚುವ ಮಾತು ಎಂದು ತಿಳಿದು ತಾವೂ ಒಂದು ಕೈ ಹಾಕಿ ಮುಚ್ಚುತ್ತಿದ್ದರು.

ಮೈದುನ ಸಹಿ ಹಾಕಿದ. ಹುಲ್ಲಜ್ಜ ನನ್ನ ಕಡೆ ನೋಡಿ ನಗಲು ಪ್ರಯತ್ನಿಸಿದ. ಆಗಲಿಲ್ಲ ಅವನಿಗೆ. ತನ್ನ ಎರಡು ಕೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತ ಹೊರಗೆ ಹೋದ.

ನಾಳೆ ಇನ್ನೊಂದು ದಿನ ಇರುತ್ತಾಳೆ.

ಫೆಬ್ರವರಿ ೨೭, ಮಂಗಳವಾರ

ಬೆಳಿಗ್ಗೆ ಹೋದಾಗ ಹುಲ್ಲಜ್ಜ ಪೆಟ್ಟಿಗೆ ಕೋಣೆಯ ಹೊಸ್ತಿಲ ಹೊರಗೆ ಕೂತಿದ್ದ. ಒಳಗೆ ಬಾ ಎಂದರೆ, "ಬರೆದು ಕೊಟ್ಟಿದ್ದಾರಲ್ಲ ತಾಯಿ. ಬರೆದದ್ದನ್ನ ನಾನು ಹೇಗೆ ದಾಟ್ಲಿ?" ಎಂದ.

ನಾನು ಕಾರ್ಖಾನೆಯ ಒಳಗಿಂದಲೇ ಆಫೀಸು ಕೋಣೆಗೆ ಹೋದೆ. ಅವಳು, ಮೈದುನ, ಏಜೆಂಟರು ಮೂವರೂ ಇದ್ದರು. ನೀಲಿ ಹಿಡಿಗಳು ಮೇಜಿನ ಮೇಲೆ ಹಾಗೇ ಇದ್ದವು.

"ಅಜ್ಜ ಅಲ್ಲ. ನಾನು ಇಟ್ಟಿದ್ದು" ಎಂದೆ ಏಜೆಂಟರಿಗೆ. "ತಪ್ಪಿ ಇಟ್ಟಿದ್ದಲ್ಲ, ಬೇಕು ಅಂತ್ಲೇ ಇಟ್ಟೆ. ಅದು ಕೊಸರು ಅಂತ ಹೇಳಿ."

"ಅತ್ಗೆ..." ಎಂದ ಮೈದುನ.

ಏಜೆಂಟರು ಬೆವರು ಒರೆಸಿಕೊಂಡು ಅವಳಿಗೆ ಏನೋ ಹೇಳಿದರು. ತೀರಾ ಗಿಡ್ಡ ಮಾತು.

"ಕೊಸರು ಅಂದ್ರೇನು ಅಂತ ಹೇಳಿದ್ರಾ?"

"ತಪ್ಪಾಯ್ತು, ಇನ್ಮೇಲೆ ಆಗಲ್ಲ ಅಂದೆ ಕಣಮ್ಮಾ. ಅಷ್ಟು ಸಾಕು."

"ಸಾಕಾಗಲ್ಲ. ನಾನು ಹೇಳಿದ್ದನ್ನ ಹೇಳಿ."

ಏಜೆಂಟರು ಮೈದುನನ ಮುಖ ನೋಡಿದರು. ಅವಳು ಮಾತ್ರ ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಹೇಳಿದರು. ಈ ಸಲ ಉದ್ದವಾಗಿತ್ತು, ಕೈ ಬಾಯಿ ಎಲ್ಲ ಆಡಿಸಿದರು. ಅವಳು ಪೆನ್ನು ಕೆಳಗಿಟ್ಟು ಕೇಳಿದಳು. ನಿನ್ನೆ ಬರೆಸಿಕೊಂಡ ಕಾಗದವನ್ನು ಎರಡು ಸೀಳು ಮಾಡಿ ಬುಟ್ಟಿಗೆ ಹಾಕಿದಳು.

"ಅಜ್ಜ ಇರಲಂತೆ. ಆದ್ರೆ ನಿನ್ನೇನೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿದ್ದಾರೆ" ಎಂದರು ಏಜೆಂಟರು.

ಮೈದುನ ಬುಟ್ಟಿಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದ.

ಅವಳು ಒಂದು ನೀಲಿ ಹಿಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಸ್ವಲ್ಪ ಹೊತ್ತು ತಿರುಗಿಸಿದಳು. ಏನೋ ಕೇಳಿದಳು. ಏಜೆಂಟರ ಮುಖ ಅರಳಿತು. "ಈ ಬಣ್ಣ ಅವ್ರ ಕಂಪನಿಯವ್ರಿಗೆಲ್ಲ ಹಿಡಿಸಿದ್ಯಂತೆ! ಹಸಿರಿನ ಜೊತೆ ಇದನ್ನೂ ತಗೋಬಹುದಾ ಅಂತ ಯೋಚ್ನೆ ಇದೆ. ಮಾಡೋಕೆ ಆಗುತ್ತಾ ಅಂತಾರೆ."

"ಆಗುತ್ತೆ! ಯಾಕಾಗಲ್ಲ?" ಎಂದ ಮೈದುನ. ತಿಂಗಳಿನಿಂದ ಅವನ ಮುಖದಲ್ಲಿ ರಕ್ತ ಕಂಡದ್ದು ಇವತ್ತೇ.

"ನೂರಕ್ಕೆ ನೂರು! ಪ್ರಾಬ್ಲಮ್ಮೇ ಇಲ್ಲ!" ಎಂದರು ಏಜೆಂಟರು, ಅದನ್ನು ಅವಳ ಭಾಷೆಯಲ್ಲೂ ಹೇಳಿದರು.

ಅವಳು ಇಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿದಳು. ಮೈದುನನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು. ಬರೀ ತಲೆ ಆಡಿಸಿದ್ದರೂ ಸಾಕಿತ್ತು. ಆಡಿಸಬೇಕು ಎಂದುಕೊಂಡೆ. ಇವರು ಇದ್ದಿದ್ದರೂ "ಆಗುತ್ತೆ" ಎಂದೇ ಹೇಳುತ್ತಿದ್ದರು, ಆಮೇಲೆ ನಿದ್ದೆಗೆಟ್ಟು ಹೇಗೋ ಮಾಡುತ್ತಿದ್ದರು.

"ನೋ" ಎಂದೆ.

ಅವಳ ಭಾಷೆಯಲ್ಲಿ ನನಗೆ ಬರುವ ಒಂದೆರಡು ಮಾತುಗಳಲ್ಲಿ ಅದೊಂದು. ಅದಕ್ಕೆ ಏಜೆಂಟರು ಬೇಕಾಗಲಿಲ್ಲ.

ಉಳಿದದ್ದನ್ನು ಅವರಿಗೆ ಹೇಳಿದೆ. "ಇದನ್ನ ಯಾವುದಕ್ಕೆ ಯಾವುದು ಬೆರೆಸಿ ಮಾಡಿದ್ರು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಯಾರ ಹತ್ರಾನೂ ಹೇಳಿಲ್ಲ, ಎಲ್ಲೂ ಬರೆದಿಟ್ಟಿಲ್ಲ. ಮಾಡಿದವ್ರು ಕೂಡ ಇದು ಯಾವ ಬಣ್ಣ ಬಂತು ಅಂತ ನೋಡ್ಲಿಲ್ಲ. ಇನ್ನು ಇದು ಬರಲ್ಲ. ಮಾಡಿದವ್ರು ಸತ್ತುಹೋದ್ರು."

ಏಜೆಂಟರು ಒಂದೂ ಬಿಡದೆ ಹೇಳಿದರು ಎಂದುಕೊಳ್ಳುತ್ತೇನೆ. ಅವರ ಧ್ವನಿ ಸಣ್ಣದಾಗಿತ್ತು.

ಅವಳು ಅಯ್ಯೋ ಅನ್ನಲಿಲ್ಲ, ಹೆಗಲು ತಟ್ಟಲಿಲ್ಲ. ತಲೆಯಾಡಿಸಿ, ಪುಸ್ತಕದಲ್ಲಿ ಒಂದು ಸಾಲು ಬರೆದು, ಥ್ಯಾಂಕ್ಯೂ ಎಂದಳು. ಇಲ್ಲ ಎಂದಿದ್ದಕ್ಕೆ ಯಾರಾದರೂ ಥ್ಯಾಂಕ್ಯೂ ಹೇಳುತ್ತಾರೆಯೇ?

ಹೊರಡುವಾಗ ಇನ್ನೊಂದು ಮಾತು. ಗಂಟಿನಲ್ಲಿ ಒಂದು ಕಡಿಮೆ ಇದೆ, ಅದು ನನ್ನ ಆಫೀಸಿನ ಮೇಜಿನ ಖಾನೆಗಿದೆ, ನಾನೇ ಹಾಕಿಕೊಂಡೆ, ಅದನ್ನೂ ವಾಪಸ್ ಕಳಿಸಬೇಕೇ ಎಂದು ಕೇಳಿಸಿದಳು. ಯಾರೂ ಕೇಳಿರಲಿಲ್ಲ. ಎಣಿಸಿಯೂ ಇರಲಿಲ್ಲ.

"ಇರ್ಲಿ ಅನ್ನಿ" ಎಂದೆ. "ಅದು ಕೊಸರು."

ಗೇಟಿನ ಹತ್ತಿರ ಮೈದುನ ತಡೆಯಲಾರದೆ ಆರ್ಡರಿನ ಗತಿ ಏನು ಎಂದು ಕೇಳಿಸಿದ. ನೋಡೋಣ, ಮುಂದಿನ ತಿಂಗಳ ಇಪ್ಪತ್ತಕ್ಕೆ ತಿಳಿಸುತ್ತೇನೆ ಎಂದು ಕಾರು ಹತ್ತಿದಳು.

ಫೆಬ್ರವರಿ ೨೮, ಬುಧವಾರ

ಮೈದುನ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಮ್ಮಲ್ಲಿ ಹೆಣ್ಣು ನೋಡಿ ಹೋದವರು "ನೋಡೋಣ" ಎಂದರೆ ಆ ಬಾಗಿಲು ಮುಚ್ಚಿತು ಎಂದೇ ಲೆಕ್ಕ. ಏಜೆಂಟರೂ ಇವತ್ತು ಪ್ರಾಬ್ಲಮ್ಮೇ ಇಲ್ಲ ಎನ್ನಲಿಲ್ಲ.

ಓರಗಿತ್ತಿ ಪಾತ್ರೆ ಕುಕ್ಕುತ್ತ ಹೇಳಿದಳು: "ಒಂದು ಸಲ ಆಗುತ್ತೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

ದೊಣ್ಣೆ ನಾನೇ.

ಮಾರ್ಚ್ ೯, ಶನಿವಾರ

ಏನೂ ಇಲ್ಲ. ಫೋನು ಬಡಿದುಕೊಂಡರೆ ಎಲ್ಲರೂ ಓಡುತ್ತೇವೆ. ಇಬ್ಬರು ಕೆಲಸದವರು ಬೇರೆ ಕಡೆ ಕೆಲಸ ಕೇಳಿದ್ದಾರಂತೆ.

ನಾನು ಒಂದು ಯೋಚನೆ ಮಾಡುತ್ತಿದ್ದೇನೆ. ಆಮೇಲೆ ಟೀ ಎಂದಳು, ಆಮೇಲೆ ಟೀ ಕೇಳಿದಳು. ಬೇಜಾರಾಯಿತು ಎಂದಳು, ಕೈ ಹಿಡಿದುಕೊಂಡು ಕಾದಳು. ಮಾತು ಸಾಲದೆ ನೆಲ ನೋಡಿದವಳು ನಾನು. ಆ ಎರಡು ಸಾಲು ದುಃಖವೂ ಎರಡು ಸಾಲಿನಷ್ಟು ನಿಜವೇ ಇತ್ತೇನೋ. ಹಾಗಾದರೆ ನೋಡೋಣ ಎಂದರೆ ನೋಡುತ್ತಿದ್ದಾಳೆ ಎಂದೇ ಇರಬೇಕು.

ಇದನ್ನು ಮೈದುನನಿಗೆ ಹೇಳಿದರೆ ನನ್ನ ತಲೆ ಕೆಟ್ಟಿದೆ ಎನ್ನುತ್ತಾನೆ. ನನಗೂ ಖಾತ್ರಿ ಇಲ್ಲ.

ಮಾರ್ಚ್ ೧೪, ಗುರುವಾರ

ಆರ್ಡರ್ ಇಲ್ಲದೆ ಗೂಡು ಹಚ್ಚಬೇಡಿ ಎಂದ ಮೈದುನ. ಹಸಿ ಹಿಡಿಗಳು ಹಲಗೆಯ ಮೇಲೆ ಒಣಗಿ ಬಿರುಕು ಬಿಡುತ್ತಿವೆ. "ಇಲ್ಲಪ್ಪ, ಹಚ್ತೀನಿ" ಎಂದೆ. ಹಚ್ಚಿದೆ. ಅಜ್ಜ ಕೈಜೋಡಿಸಿದ. ಸ್ಟೂಲು ನನಗೆ ಸ್ವಲ್ಪ ತಗ್ಗು.

ಹಿಡಿಗಳ ಅಂಚಿಗೆ ಗೆರೆ ಎಳೆದದ್ದೂ ನಾನೇ. ನನ್ನವು ಸೊಟ್ಟ ಬಂದಿವೆ. ಅವರ ಗೆರೆ ದಾರ ಹಿಡಿದ ಹಾಗಿರುತ್ತಿತ್ತು.

ಮಾರ್ಚ್ ೧೯, ಮಂಗಳವಾರ

ನಾಳೆ.

ಮಾರ್ಚ್ ೨೦, ಬುಧವಾರ

ಮಧ್ಯಾಹ್ನದವರೆಗೆ ಏನೂ ಇಲ್ಲ. ಮೈದುನ ಊಟಕ್ಕೆ ಕೂತವನು ತಟ್ಟೆ ದೂಡಿ, "ಇನ್ನೇನು ಬರುತ್ತೆ?" ಎಂದ. ಬರುತ್ತೆ ಎಂದೆ. ಏಜೆಂಟರು ಓಡುತ್ತ ಬಂದರು. ಚಪ್ಪಲಿ ಬಿಡುವುದನ್ನೂ ಮರೆತಿದ್ದರು.

ದೊಡ್ಡ ಹಿಡಿಗಳ ಆರ್ಡರ್ ಮೊದಲಿನಷ್ಟೇ. ಆರು ತಿಂಗಳಿಗೆ, ಆಮೇಲೆ ಮತ್ತೆ ನೋಡೋಣ ಎಂದು ಬರೆದಿದ್ದಾಳೆ. ಸಣ್ಣ ಅಳತೆಯವನ್ನು ಬೇರೆಯವರಿಗೆ ಕೊಟ್ಟಾಯಿತು, ಅದನ್ನೂ ನೇರವಾಗಿ ಬರೆದಿದ್ದಾಳೆ. ಗೂಡಿನಲ್ಲಿ ಅವುಗಳ ಜಾಗ ಖಾಲಿಯೇ ಇರುತ್ತದೆ ಇನ್ನು. ಮೈದುನ ಒಂದು ಕಣ್ಣಲ್ಲಿ ನಕ್ಕ, ಒಂದು ಕಣ್ಣಲ್ಲಿ ಅತ್ತ.

ಪೆಟ್ಟಿಗೆಯ ಮೇಲೊಂದು ಹಿಡಿ ಇಡಬಹುದಂತೆ. ಬಿಳಿಯದೇ ಇಡಬೇಕು, ಜೊತೆಗೆ ಕಳಿಸುವ ಪಟ್ಟಿಯಲ್ಲಿ "ಒಂದು ಹೆಚ್ಚುವರಿ, ದುಡ್ಡಿಲ್ಲ" ಎಂದು ಒಂದು ಸಾಲು ಬರೆಯಬೇಕು. ಹಾಗೆ ಬರೆದರೆ ಯಂತ್ರ ಪಕ್ಕಕ್ಕೆ ತಳ್ಳುವುದಿಲ್ಲವಂತೆ.

"ಬರೆದು ಕೊಟ್ರೆ ಅದು ಕೊಸರಾ ತಾಯಿ?" ಎಂದ ಹುಲ್ಲಜ್ಜ.

"ಗೊತ್ತಿಲ್ಲ. ಇಟ್ಟು ನೋಡೋಣ" ಎಂದೆ. ನಿಜವಾಗಿಯೂ ನೋಡುವುದಕ್ಕೇ ಹೇಳಿದೆ.

ಕೊನೆಯಲ್ಲಿ, ಇನ್ನು ಮುಂದೆ ಯಾರ ಹೆಸರಿಗೆ ಬರೆಯಬೇಕು ಎಂದು ಕೇಳಿದ್ದಾಳೆ. ಮೈದುನ ನನ್ನ ಕಡೆ ನೋಡಿದ. "ಗೂಡಿನ ವಿಷಯ ನಿನಗೆ, ಪೆಟ್ಟಿಗೆ ವಿಷಯ ನನಗೆ" ಎಂದೆ. ಏಜೆಂಟರು ಬರೆದುಕೊಂಡರು.

ಸಂಜೆ ನೀಲಿ ಗಂಟನ್ನು ಮನೆಗೆ ತಂದು, ಒಂದನ್ನು ತೆಗೆದು ಅಡುಗೆಮನೆಯ ಮೇಜಿನ ಮುಂದೆ ಕೂತೆ. ಹುರಿ ಕತ್ತರಿಸಿದೆ. ಹಿಡಿಯ ತಿರುಪು ಕಂಪನಿಯವರ ಅಳತೆಯದು, ನಮ್ಮ ಖಾನೆಯ ತೂತಿಗೆ ದಪ್ಪವಾಯಿತು. ಚಾಕುವಿನ ತುದಿಯಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೂತು ದೊಡ್ಡದು ಮಾಡಿದೆ. ಬೆರಳಿಗೆ ಗಾಯವಾಯಿತು. ಕೂತಿತು.

ಎಳೆದೆ. ಖಾನೆ ಬಂತು. ಅವರ ಕನ್ನಡಕದ ಗಾಜಿನ ಮೇಲೆ ಜೇಡಿಮಣ್ಣಿನ ಧೂಳು ಹಾಗೇ ಇತ್ತು. ಸೆರಗಿನಿಂದ ಒರೆಸಿ, ಹಾಕಿಕೊಂಡು ನೋಡಿದೆ. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ಇದನ್ನು ಬರೆಯುತ್ತಿರುವುದು ಅದರಲ್ಲೇ.